ಒಂಬತ್ತು ಗೋಲು ಬಿಟ್ಟವಳ ಚಾಂಪಿಯನ್‌ಶಿಪ್

ಐಸ್ ಹಾಕಿಯಲ್ಲಿ ನಾನು ಚಾಂಪಿಯನ್. ಈ ಮಾತನ್ನು ಬಯೋಡೇಟಾದಲ್ಲಿ ಬರೆದುಕೊಂಡಿದ್ದೇನೆ, ಎರಡು ಇಂಟರ್‌ವ್ಯೂಗಳಲ್ಲಿ ಗಂಭೀರವಾಗಿ ಹೇಳಿಯೂ ಇದ್ದೇನೆ. ಇದು ಸುಳ್ಳಲ್ಲ. ಆದರೆ ಕೇಳಿದವರು ಇದರಿಂದ ತಲೆಯಲ್ಲಿ ಒಂದು ಚಿತ್ರ ಕಟ್ಟಿಕೊಳ್ಳುತ್ತಾರಲ್ಲ, ಅದು ಮಾತ್ರ ಪೂರ್ತಿ ಸುಳ್ಳು. ಆ ಚಿತ್ರವನ್ನು ನಾನು ಇಂಟರ್‌ವ್ಯೂ ಮಾಡಿದವರ ಎದುರು ಒಡೆಯಲು ಹೋಗಿಲ್ಲ. ಅಡಿಲೇಡಿನಲ್ಲಿ ಒಮ್ಮೆ ತಾನಾಗಿಯೇ ಒಡೆಯಿತು. ಅದನ್ನೇ ಇಲ್ಲಿ ಹೇಳುತ್ತಿದ್ದೇನೆ.

ಪಬ್ಲಿಕ್ ಹೆಲ್ತ್ ಓದಲೆಂದು ಚಿತ್ರದುರ್ಗದಿಂದ ಪರ್ತ್‌ಗೆ ಬಂದಾಗ ನನಗೆ ಇಪ್ಪತ್ತಮೂರು. ಅಲ್ಲಿಯವರೆಗೆ ನಾನು ನೋಡಿದ್ದ ಅತಿ ದೊಡ್ಡ ಮಂಜುಗಡ್ಡೆಯೆಂದರೆ ಕಬ್ಬಿನ ಹಾಲಿನ ಅಂಗಡಿಯವನು ಗೋಣಿಚೀಲದಲ್ಲಿ ಸುತ್ತಿಟ್ಟು ಸುತ್ತಿಗೆಯಿಂದ ಕುಟ್ಟುತ್ತಿದ್ದದ್ದು. ಯೂನಿವರ್ಸಿಟಿಯ ಮೊದಲ ವಾರದಲ್ಲಿ ಕ್ಲಬ್ಬುಗಳೆಲ್ಲ ಮೈದಾನದಲ್ಲಿ ಮೇಜು ಹಾಕಿಕೊಂಡು ಹೊಸಬರನ್ನು ಕರೆಯುತ್ತಿದ್ದವು. ನಾನು ಒಂದು ಮರದ ನೆರಳು ಹುಡುಕಿಕೊಂಡು ಹೋಗಿ ನಿಂತೆ. ಅದು ಐಸ್ ಹಾಕಿಯವರ ಮರ. ಆ ಯೂನಿವರ್ಸಿಟಿಯಲ್ಲಿ ಐಸ್ ಹಾಕಿ ತಂಡವೊಂದು ಹುಟ್ಟಿದ್ದೇ ಆ ವರ್ಷ. ಮೇಜಿನ ಹಿಂದೆ ಕೂತಿದ್ದವಳು ಕ್ಯಾಪ್ಟನ್. ಪರ್ತ್‌ನ ಹೊರವಲಯದ ಎಲೆನ್‌ಬ್ರೂಕ್‌ನಲ್ಲಿ ಬೆಳೆದ, ನನಗಿಂತ ಒಂದು ವರ್ಷ ಚಿಕ್ಕವಳಾದ, ಯಾರ ಮಾತನ್ನೂ ಪೂರ್ತಿ ಕೇಳಿಸಿಕೊಳ್ಳದ ಹುಡುಗಿ. ಅವಳು ಮಾತಾಡಿದ್ದು ಇಂಗ್ಲಿಷಿನಲ್ಲಿ, ಆದರೆ ನೆನಪಿನಲ್ಲಿ ನನಗದು ಕನ್ನಡದಲ್ಲೇ ಕೇಳಿಸುತ್ತದೆ.

"ಸ್ಕೇಟಿಂಗ್ ಬರುತ್ತಾ?"

"ಇಲ್ಲ. ನಾನು ಸುಮ್ನೆ ನೆರಳಿಗೆ ಅಂತ..."

"ನಿಂತ್ಕೊಳ್ಳೋಕೆ ಬರುತ್ತಾ?"

"ನೆಲದ ಮೇಲೆ ಬರುತ್ತೆ."

"ಸಾಕು. ನೀನು ಎರಡನೇ ಗೋಲ್‌ಕೀಪರ್."

ಬೇರೆ ಊರಿಗೆ ಹೋಗಿ ಆಡುವ ತಂಡದಲ್ಲಿ ಇಬ್ಬರು ಗೋಲ್‌ಕೀಪರುಗಳ ಹೆಸರಿರಲೇಬೇಕು ಎಂಬ ನಿಯಮವಿತ್ತು. ಒಬ್ಬ ಸಿಕ್ಕಿದ್ದ. ಎರಡನೆಯವರು ಬರೀ ಹೆಸರಿಗೆ. ಇದನ್ನು ಕ್ಯಾಪ್ಟನ್ ನನಗೆ ಮುಚ್ಚಿಡಲಿಲ್ಲ. ಆದರೂ ನಾನು ಸಹಿ ಹಾಕಿದೆ. ಊರು ಬಿಟ್ಟು ಹತ್ತು ದಿನವಾಗಿತ್ತು, ಮತ್ತು ಆ ಹತ್ತು ದಿನಗಳಲ್ಲಿ ನನ್ನನ್ನು ಬೇಕು ಎಂದವಳು ಇವಳೊಬ್ಬಳೇ.

ಮೊದಲನೇ ಗೋಲ್‌ಕೀಪರ್ ಪರ್ತ್‌ನದೇ ಕ್ಯಾನಿಂಗ್ ವೇಲ್ ಬಡಾವಣೆಯವನು. ಆರಡಿ ಮೇಲೆ ಎರಡಿಂಚು ಎತ್ತರ, ಎದೆಯ ತನಕ ಕೆಂಪು ಗಡ್ಡ, ಇರುವೆಗೂ ನೋವಾಗದಂಥ ಮೆದು ದನಿ. ಭಾನುವಾರ ಬೆಳಿಗ್ಗೆ ಆರಕ್ಕೆ ಪ್ರಾಕ್ಟೀಸ್. ಮೊದಲ ದಿನ ಅವನು ನನ್ನ ಕಾಲಿಗೆ ದಿಂಬಿನಂಥ ಪ್ಯಾಡು, ಎದೆಗೆ ಕವಚ, ಮುಖಕ್ಕೆ ಕಂಬಿಯ ಮುಖವಾಡ ಎಲ್ಲ ಕಟ್ಟಿ ಐಸಿನ ಮೇಲೆ ನಿಲ್ಲಿಸಿದ. ನಾನು ನಿಂತೆ. ಅವನು ಕೈ ಬಿಟ್ಟ. ನಾನು ಇನ್ನೂ ನಿಂತೇ ಇದ್ದೇನೆ ಎಂದುಕೊಂಡೆ. ಆದರೆ ನನ್ನ ಕಣ್ಣಿಗೆ ಛಾವಣಿಯ ಟ್ಯೂಬ್‌ಲೈಟುಗಳು ಕಾಣಿಸುತ್ತಿದ್ದವು.

"ಚೆನ್ನಾಗಿ ಬಿದ್ದೆ," ಅಂದ ಅವನು. "ತಲೆಗೆ ಪೆಟ್ಟಾಗದ ಹಾಗೆ ಬೀಳೋದು ಎಲ್ಲರಿಗೂ ಬರಲ್ಲ."

ಇಡೀ ವರ್ಷದಲ್ಲಿ ನನ್ನ ಆಟದ ಬಗ್ಗೆ ಯಾರಾದರೂ ಆಡಿದ ಅತ್ಯಂತ ಒಳ್ಳೆಯ ಮಾತು ಅದೇ.

ಚಾಂಪಿಯನ್‌ಶಿಪ್ ಮೂರು ಸುತ್ತಿನದು. ಮೊದಲನೆಯದು ಪರ್ತ್‌ನಲ್ಲಿ, ಎರಡನೆಯದು ಬ್ರಿಸ್ಬೇನ್‌ನಲ್ಲಿ, ಫೈನಲ್ ಅಡಿಲೇಡಿನಲ್ಲಿ. ಪರ್ತ್‌ನ ಮೂರು ಪಂದ್ಯಗಳಲ್ಲಿ ನನಗೆ ಸಿಕ್ಕ ಕೆಲಸ ಗೇಟ್ ತೆಗೆಯುವುದು. ಈ ಆಟದಲ್ಲಿ ಆಟ ನಿಲ್ಲಿಸದೆಯೇ ಆಟಗಾರರು ಬದಲಾಗುತ್ತಾರೆ. ಐಸಿನ ಮೇಲಿದ್ದವರು ಸುಸ್ತಾಗಿ ಬೆಂಚಿನ ಕಡೆ ಜಾರಿ ಬಂದಾಗ ಬೆಂಚಿನ ಗೇಟು ತೆಗೆಯಬೇಕು, ಅವರು ಒಳಗೆ ಬರಬೇಕು, ಬೇರೆಯವರು ಹೊರಗೆ ಹೋಗಬೇಕು, ಗೇಟು ಹಾಕಬೇಕು. ಇಷ್ಟೇ. ಇಷ್ಟನ್ನೂ ನಾನು ಸರಿಯಾಗಿ ಮಾಡಲಿಲ್ಲ. ಎರಡನೇ ಪಂದ್ಯದಲ್ಲಿ ನಮ್ಮವರು ಬರುತ್ತಿದ್ದಾರೆಂದು ಗೇಟು ತೆಗೆದರೆ, ಎದುರು ತಂಡದ ದೈತ್ಯನೊಬ್ಬ ಅದೇ ವೇಗದಲ್ಲಿ ಬಂದು ಒಳಗೆ ನುಗ್ಗಿ ನನ್ನ ತೊಡೆಯ ಮೇಲೆ ಕೂತ. ಇಬ್ಬರೂ ಒಂದು ಕ್ಷಣ ಹಾಗೇ ಕೂತಿದ್ದೆವು. "ಸಾರಿ," ಅಂದ. "ಪರವಾಗಿಲ್ಲ," ಅಂದೆ, ಅದೂ ಕನ್ನಡದಲ್ಲಿ.

ಹೀಗಿದ್ದೂ ನಮ್ಮ ತಂಡ ಮೂರನ್ನೂ ಗೆದ್ದಿತು. ಹುಟ್ಟಿ ಎರಡು ತಿಂಗಳಾಗಿದ್ದ ತಂಡ! ಕ್ಯಾಪ್ಟನ್ ಗುಂಡು ಹೊಡೆದ ಹಾಗೆ ಗೋಲು ಹೊಡೆಯುತ್ತಿದ್ದಳು. ಕೆಂಪು ಗಡ್ಡದವನು ಗೋಡೆಯ ಹಾಗೆ ನಿಂತಿದ್ದ. ನಾನು ಬೆಂಚಿನಲ್ಲಿ ಕೂತು, ನಾವು ಗೆದ್ದೆವು, ನಾವು ಗೆದ್ದೆವು ಎಂದು ಎಲ್ಲರಿಗಿಂತ ಜೋರಾಗಿ ಕೂಗಿದೆ. ಆ 'ನಾವು' ಎಂಬ ಪದವೇ ನನ್ನನ್ನು ಕೆಡಿಸಿದ್ದು.

ಜುಲೈನಲ್ಲಿ ಬ್ರಿಸ್ಬೇನ್‌ಗೆ ಹೋದೆವು. ಮೊದಲ ದಿನದ ಪಂದ್ಯ ಗೆದ್ದು ಎಲ್ಲರೂ ಚೀನೀ ಹೋಟೆಲುಗಳಿಗೆ ಹೆಸರಾದ ಸನ್ನಿಬ್ಯಾಂಕ್ ಬಡಾವಣೆಗೆ ಊಟಕ್ಕೆ ಹೊರಟರು. ಅಲ್ಲಿನ ಹೋಟೆಲುಗಳ ಗಾಜಿನ ಮೇಲೆ ಮೆನುಗಳನ್ನು ಅಂಟಿಸಿದ್ದರು, ಪ್ರತಿ ತಿನಿಸಿನ ಪಕ್ಕದಲ್ಲಿ ಖಾರಕ್ಕೆ ತಕ್ಕಂತೆ ಮೆಣಸಿನಕಾಯಿಯ ಚಿತ್ರ. ಐಸಿನ ಮೇಲೆ ನನಗೆ ತೋರಿಸಲು ಏನೂ ಇರಲಿಲ್ಲವಲ್ಲ, ಇಲ್ಲಿ ಇತ್ತು. ನಾಲ್ಕು ಮೆಣಸಿನಕಾಯಿಯ ಮೀನಿನ ಸಾರನ್ನು ನಾನೇ ಆರ್ಡರ್ ಮಾಡಿದೆ. ಕಣ್ಣಲ್ಲಿ ನೀರು ಬಂದರೂ ನಗುತ್ತಾ ತಿಂದೆ. ನಮ್ಮ ಕಡೆ ಇದನ್ನು ಮಕ್ಕಳಿಗೆ ಕೊಡುತ್ತೇವೆ ಎಂದೂ ಹೇಳಿದೆ. ಕೆಂಪು ಗಡ್ಡದವನಿಗೆ ಪ್ರೀತಿಯಿಂದ ಬಡಿಸಿದವರಿಗೆ ಬೇಡ ಅನ್ನಲು ಬರುತ್ತಿರಲಿಲ್ಲ. ನಾನು ಬಡಿಸಿದಷ್ಟನ್ನೂ ತಿಂದ.

ಬೆಳಿಗ್ಗೆ ಅವನು ಬಾತ್‌ರೂಮಿನಿಂದ ಹೊರಗೆ ಬರಲೇ ಇಲ್ಲ. ಕ್ಯಾಪ್ಟನ್ ನನ್ನ ಬಾಗಿಲು ಬಡಿದಳು. ಅವಳ ಮುಖದಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ದುಃಖವಿತ್ತು.

"ಪ್ಯಾಡ್ ಕಟ್ಕೋ," ಅಂದಳು.

ಆ ಪಂದ್ಯದ ಬಗ್ಗೆ ಹೇಳಲು ಹೆಚ್ಚೇನಿಲ್ಲ. ಪಕ್ ಎಂದರೆ ಕಪ್ಪು ರಬ್ಬರಿನ ಬಿಲ್ಲೆ, ಕೈಯಲ್ಲಿ ಹಿಡಿದರೆ ನಿಪ್ಪಟ್ಟಿನಷ್ಟಗಲ. ಅದು ಬರುವಾಗ ಕಾಣುವುದಿಲ್ಲ, ಹೋದ ಮೇಲೆ ಬಲೆಯಲ್ಲಿ ಕಾಣುತ್ತದೆ. ಒಂಬತ್ತು ಸಲ ಕಂಡಿತು. ನಾಲ್ಕನೆಯದಾದ ಮೇಲೆ ನಾನು ಗೋಲುಗಂಬವನ್ನು ಹಿಡಿದುಕೊಂಡು ನಿಂತೆ, ತಡೆಯುವುದಕ್ಕಲ್ಲ, ಬೀಳದಿರುವುದಕ್ಕೆ. ಒಂದೇ ಒಂದು ಹೊಡೆತ ನನ್ನ ಮುಖವಾಡಕ್ಕೆ ಬಡಿದು ಆಚೆ ಹಾರಿತು. ನಮ್ಮ ಬೆಂಚಿನವರೆಲ್ಲ ಎದ್ದು ನಿಂತು ಚಪ್ಪಾಳೆ ಹೊಡೆದರು. ಕಿವಿಯಲ್ಲಿ ಗುಂಯ್ ಎನ್ನುತ್ತಿದ್ದರೂ ನಾನು ಕೈ ಎತ್ತಿ ಸ್ವೀಕರಿಸಿದೆ.

ಒಂಬತ್ತು-ಎರಡರಿಂದ ಸೋತೆವು. ಮೂರನೇ ಪಂದ್ಯಕ್ಕೆ ಅವನು ಹೊಟ್ಟೆ ಹಿಡಿದುಕೊಂಡೇ ಬಂದು ನಿಂತ, ಗೆದ್ದೆವು, ಹೇಗೋ ಫೈನಲ್ ತಲುಪಿದೆವು. ನನ್ನನ್ನು ಯಾರೂ ಬೈಯಲಿಲ್ಲ. ಆದರೆ ಆಮೇಲೆ ತಂಡ ಊಟಕ್ಕೆ ಹೋದಾಗಲೆಲ್ಲ ಮೆನು ನನ್ನ ಕೈಗೆ ಬರುವುದು ನಿಂತುಹೋಯಿತು.

ನನ್ನ ಆ ವರ್ಷದ ಏಕೈಕ ಪಂದ್ಯದ ಫೋಟೋ ಒಂದಿತ್ತು. ಕವಚ, ಪ್ಯಾಡು, ಕಂಕುಳಲ್ಲಿ ಮುಖವಾಡ, ಹಿಂದೆ ಬಿಳೀ ಐಸು. ಪಂದ್ಯ ಶುರುವಾಗುವ ಮೊದಲು ತೆಗೆದದ್ದಾದ್ದರಿಂದ ಮುಖದಲ್ಲಿ ಇನ್ನೂ ನಗುವಿತ್ತು. ಅದನ್ನು ಅಮ್ಮನಿಗೆ ಕಳಿಸಿದೆ. ಐದು ನಿಮಿಷದಲ್ಲಿ ಫೋನ್ ಬಂತು.

"ಏನೇ ಇದು, ಗಗನಯಾತ್ರಿ ಥರ? ನೀನೇ ಗೋಲ್‌ಕೀಪರಾ?"

"ಹೂಂ."

"ಗೆದ್ರಾ?"

"ಫೈನಲ್‌ಗೆ ಹೋದ್ವಮ್ಮಾ."

ನೋಡಿ, ಎರಡರಲ್ಲಿ ಒಂದೂ ಸುಳ್ಳಲ್ಲ. ಅಮ್ಮ ಹೈಸ್ಕೂಲ್ ಟೀಚರು. ಮರುದಿನ ಬೆಳಗಿನ ಪ್ರಾರ್ಥನೆ ಮುಗಿಯುವ ಹೊತ್ತಿಗೆ ಸ್ಟಾಫ್ ರೂಮಿಗೆ, ಸಂಜೆಗೆ ನಮ್ಮ ಬೀದಿಗೆ, ವಾರದೊಳಗೆ ಅಡಿಲೇಡಿನಲ್ಲಿದ್ದ ಅವಳ ಕಾಲೇಜಿನ ಗೆಳತಿಗೆ ಸುದ್ದಿ ಮುಟ್ಟಿತ್ತು. ಆ ಗೆಳತಿ ಅಲ್ಲಿನ ಆಸ್ಪತ್ರೆಯಲ್ಲಿ ಮಕ್ಕಳ ಡಾಕ್ಟರು. ನನಗೆ ಆಂಟಿ. ಅವರೇ ಫೋನ್ ಮಾಡಿದರು.

"ಫೈನಲ್ ಇಲ್ಲೇ ಅಂತೆ? ಹೋಟೆಲು ಗೀಟೆಲು ಏನೂ ಬೇಡ, ನಮ್ಮನೇಲೇ ಇರು. ನಾವೆಲ್ಲ ಮ್ಯಾಚಿಗೆ ಬರ್ತೀವಿ."

"ಎಲ್ಲಾ ಅಂದ್ರೆ, ಆಂಟಿ?"

"ಎಲ್ಲಾ ಅಂದ್ರೆ ಎಲ್ಲಾ ಕಣೇ."

ಆಗಲೇ ಹೇಳಬಹುದಿತ್ತು. ಹೇಳಲಿಲ್ಲ. ಫೈನಲ್‌ಗೆ ಇನ್ನೂ ಎರಡು ತಿಂಗಳಿತ್ತು. ಅಷ್ಟರಲ್ಲಿ ನಾನು ಆಟ ಕಲಿತುಬಿಡಬಹುದು ಎಂದು ನನ್ನಲ್ಲೇ ಒಬ್ಬಳು ಹುಚ್ಚಿ ನಂಬಿದ್ದಳು.

ಸೆಪ್ಟೆಂಬರಿನ ಒಂದು ಶನಿವಾರ ಸಂಜೆ ಆಂಟಿಯ ಮನೆ ತಲುಪಿದೆ. ಬಾಗಿಲಲ್ಲೇ ಆರತಿ ತಟ್ಟೆ. ಅಂಕಲ್ ಅರಿವಳಿಕೆ ಡಾಕ್ಟರು, ಜನರನ್ನು ಮಲಗಿಸುವುದು ಅವರ ಕಸುಬು. ಮನೆಯಲ್ಲಿ ಮಾತ್ರ ಯಾರನ್ನೂ ಸುಮ್ಮನೆ ಕೂರಲು ಬಿಡುತ್ತಿರಲಿಲ್ಲ. ಬಿಸಿಬೇಳೆ ಬಾತ್ ಬಡಿಸುತ್ತಾ ಕೇಳಿದರು: "ಆ ಪಕ್ಕು ಗಂಟೆಗೆ ನೂರು ಕಿಲೋಮೀಟರ್ ಮೇಲೆ ಬರುತ್ತಂತಲ್ಲಮ್ಮಾ, ನೀನು ಹೆಂಗೆ ಹಿಡೀತೀಯಾ?"

"ಕಣ್ಣಿಡಬೇಕು ಅಂಕಲ್," ಅಂದೆ. "ಪಕ್ ನೋಡಬಾರದು, ಹೊಡೆಯೋರ ಭುಜ ನೋಡಬೇಕು."

ಇದು ಕೆಂಪು ಗಡ್ಡದವನು ನನಗೆ ನೂರು ಸಲ ಹೇಳಿದ ಪಾಠ. ನಾನು ಒಮ್ಮೆಯೂ ಪಾಲಿಸಿರಲಿಲ್ಲ. ಅಂಕಲ್ ತಲೆದೂಗಿದರು. ನಾನು ಇನ್ನೊಂದು ಸೌಟು ಹಾಕಿಸಿಕೊಂಡೆ.

ಅವರ ಮಗಳಿಗೆ ಹದಿನೈದು. ಅಪ್ಪ ಅಮ್ಮ ಕನ್ನಡದಲ್ಲಿ ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರಿಸುವವಳು. ನಾನು ಕೈ ತೊಳೆಯಲು ಹೋದಾಗ ಹಿಂದೆಯೇ ಬಂದು ಫೋನ್ ತೋರಿಸಿದಳು. ನಮ್ಮ ತಂಡದ ಪುಟ. ಗೋಲಿನಲ್ಲಿ ಕೆಂಪು ಗಡ್ಡ.

"ಯೂ ಆರ್ ದ ಬ್ಯಾಕಪ್, ರೈಟ್?"

ನಲ್ಲಿ ನಿಲ್ಲಿಸುವುದನ್ನೂ ಮರೆತೆ. "ಅಮ್ಮಂಗೆ ಹೇಳಿದ್ಯಾ?"

"ನೋ. ಬಟ್ ಯೂ ಶುಡ್." ನಲ್ಲಿಯನ್ನು ಅವಳೇ ನಿಲ್ಲಿಸಿ ಹೋದಳು.

ಹೇಳಬೇಕೆಂದೇ ಹಾಲ್‌ಗೆ ಬಂದೆ. ಅಲ್ಲಿ ಆಂಟಿ ನೆಲದ ಮೇಲೆ ಕೂತು ದೊಡ್ಡ ಬಟ್ಟೆಯೊಂದರ ಮೇಲೆ ಬಣ್ಣದಲ್ಲಿ ಬರೆಯುತ್ತಿದ್ದರು: 'ನಮ್ಮ ದುರ್ಗದ ಹುಡುಗಿ'. ಮೊಣಕೈ ತನಕ ಕೆಂಪು, ಹಳದಿ. "ಒತ್ತಕ್ಷರ ಸರಿಯಾಗಿದೆಯಾ ನೋಡು. ಬರೆದು ಎಷ್ಟು ವರ್ಷ ಆಯ್ತೋ," ಅಂದರು. "ಸರಿಯಾಗಿದೆ ಆಂಟಿ," ಅಂದೆ. ಆ ದಿನ ನಾನು ಹೇಳಿದ ನಿಜ ಅದೊಂದೇ.

ಫೈನಲ್ ಭಾನುವಾರ ಮಧ್ಯಾಹ್ನ. ಬೆಂಚಿಗೆ ಬಂದು ಗ್ಯಾಲರಿಯ ಕಡೆ ನೋಡಿದೆ. ನಮ್ಮ ಗೋಲಿನ ಹಿಂದಿನ ಗಾಜಿಗೆ ಅಂಟಿಕೊಂಡಂತೆ ಮೂವತ್ತು ಜನರಾದರೂ ಇದ್ದರು. ಡಾಕ್ಟರ್ ದಂಪತಿಗಳು, ಡ್ಯೂಟಿ ಬದಲಾಯಿಸಿಕೊಂಡು ಬಂದ ನರ್ಸು, ಓದಲು ಬಂದ ಮಂಗಳೂರು, ಹುಬ್ಬಳ್ಳಿ, ಕಲಬುರಗಿಯ ಹುಡುಗ ಹುಡುಗಿಯರು. ಸೀರೆಯ ಮೇಲೆ ಜಾಕೆಟ್ಟು, ಅದರ ಮೇಲೆ ಶಾಲು. ಒಬ್ಬರ ಹೆಗಲಲ್ಲಿ ಡೋಲು. ನಡುವೆ ಆ ಬಟ್ಟೆ.

ನಾನೇನು ಮಾಡಿದೆ? ಮುಖವಾಡವನ್ನು ಕೆಳಗೆ ಎಳೆದುಕೊಂಡೆ.

"ಬೆಂಚಲ್ಲಿ ಕೂತ್ಕೊಂಡು ಮಾಸ್ಕ್ ಯಾಕೆ?" ಕ್ಯಾಪ್ಟನ್ ಕೇಳಿದಳು.

"ಸೇಫ್ಟಿಗೆ."

ಅವಳು ಎಂದಿನಂತೆ ಪೂರ್ತಿ ಕೇಳಿಸಿಕೊಳ್ಳಲಿಲ್ಲ, ಒಳ್ಳೆಯದೇ ಆಯಿತು. ಅಷ್ಟರಲ್ಲಿ ಕೆಂಪು ಗಡ್ಡದವನು ಮುಖವಾಡ ಹಾಕಿ, ಗಡ್ಡವನ್ನು ಕವಚದೊಳಗೆ ತುರುಕಿ, ಗೋಲಿಗೆ ಹೋಗಿ ನಿಂತ. ಆ ವೇಷದಲ್ಲಿ ಯಾರು ಯಾರೆಂದು ಹೆತ್ತ ತಾಯಿಗೂ ತಿಳಿಯುವುದಿಲ್ಲ. ಗ್ಯಾಲರಿ ಒಮ್ಮೆಲೇ ಎದ್ದಿತು. ಡೋಲು ಬಡಿಯಿತು.

"ನಮ್ಮ ದುರ್ಗದ ಹುಡುಗೀ! ಬಿಡ್ಬೇಡ ಕಣೇ!"

ಕೆಂಪು ಗಡ್ಡದವನು ತಿರುಗಿ ನೋಡಿದ. ಇಡೀ ಜೀವಮಾನದಲ್ಲಿ ಅವನಿಗಾಗಿ ಯಾರೂ ಡೋಲು ಬಾರಿಸಿರಲಿಲ್ಲವೆಂದು ಆಮೇಲೆ ಹೇಳಿದ. ಮೆಲ್ಲಗೆ ಕೈ ಎತ್ತಿದ. "ನೋಡ್ರೀ, ನೋಡಿದ್ಲು, ನೋಡಿದ್ಲು!" ಎಂದು ಆಂಟಿ ಕಿರುಚಿದ್ದು ಬೆಂಚಿನವರೆಗೂ ಕೇಳಿಸಿತು. "ಎಷ್ಟ್ ಎತ್ತರ ಆಗಿದ್ದಾಳೆ!" ಎಂದು ಇನ್ಯಾರೋ ಅಂದರಂತೆ. "ಅದು ಸ್ಕೇಟು, ಪ್ಯಾಡು ಎಲ್ಲಾ ಸೇರಿ ಹಂಗ್ ಕಾಣುತ್ತೆ," ಎಂದು ಅಂಕಲ್ ವಿವರಿಸಿದರಂತೆ. ಮಗಳು ಮಾತ್ರ ಗಾಜಿನಾಚೆಯಿಂದ ನೇರವಾಗಿ ನಮ್ಮ ಬೆಂಚನ್ನೇ ನೋಡುತ್ತಿದ್ದಳು.

ಅವನು ಅಂದು ಆಡಿದಂತೆ ಮತ್ತೆಂದೂ ಆಡಲಿಲ್ಲ. ಒಂದೊಂದು ಹೊಡೆತ ತಡೆದಾಗಲೂ ಡೋಲು. ಆಟದ ಮೂರನೇ, ಕೊನೆಯ ಭಾಗ ಶುರುವಾದಾಗ ನಾವು ಮೂರು, ಅವರು ಎರಡು. ಮುಗಿಯಲು ನಾಲ್ಕು ನಿಮಿಷವಿದ್ದಾಗ ಗ್ಯಾಲರಿಯಿಂದ ಮತ್ತೆ 'ದುರ್ಗದ ಹುಡುಗಿ' ಎದ್ದಿತು. ನನ್ನನ್ನಲ್ಲ ಎಂದು ಗೊತ್ತಿದ್ದೂ ನನ್ನ ತಲೆ ಅತ್ತ ತಿರುಗಿತು, ಕೈ ಗೇಟಿನ ಚಿಲಕ ತೆಗೆಯಿತು, ಬಾಯಿ "ಹೋಗು" ಅಂದಿತು. ನಮ್ಮವನೊಬ್ಬ ಹಾರಿದ. ಅವನ ಬದಲಿಗೆ ಒಳಗೆ ಬರಬೇಕಿದ್ದವನು ಇನ್ನೂ ಆ ತುದಿಯಲ್ಲೇ ಇದ್ದ. ರೆಫರಿ ಸೀಟಿ ಊದಿದ. ಐಸಿನ ಮೇಲೆ ಒಬ್ಬರು ಹೆಚ್ಚು. ಶಿಕ್ಷೆಯಾಗಿ ಎರಡು ನಿಮಿಷ ನಮ್ಮಲ್ಲಿ ಒಬ್ಬರು ಕಡಿಮೆ.

ಕ್ಯಾಪ್ಟನ್ ನನ್ನ ಕಡೆ ನೋಡಿದಳು. ಮುಖವಾಡವಿದ್ದದ್ದು ನಿಜಕ್ಕೂ ಸೇಫ್ಟಿಗೇ ಆಯಿತು.

ಆ ಎರಡು ನಿಮಿಷ ಎದುರು ತಂಡದವರದ್ದೇ ಆಟ. ಅವರು ಸುತ್ತುವರಿದು ಹೊಡೆದರು. ಅವನು ಕಾಲಿನಿಂದ ತಡೆದ, ಕೋಲಿನಿಂದ ತಡೆದ, ಒಮ್ಮೆ ಅಡ್ಡ ಬಿದ್ದು ಬೆನ್ನಿನಿಂದ ತಡೆದ. ಪ್ರತಿ ಸಲವೂ ಮೂವತ್ತು ಜನ ನನ್ನನ್ನು ಹೊಗಳಿದರು. ನಾನು ಮಾಡಿದ ತಪ್ಪನ್ನು ಅವನು ತಿದ್ದುತ್ತಿದ್ದ, ಅವನು ಮಾಡಿದ ಕೆಲಸಕ್ಕೆ ಚಪ್ಪಾಳೆ ನನಗೆ ಬೀಳುತ್ತಿತ್ತು.

ಗೆದ್ದೆವು. ಮೊದಲ ವರ್ಷದ ತಂಡ ಕಪ್ ಎತ್ತಿತು. ಎಲ್ಲರೂ ಗೋಲಿಗೆ ಓಡಿ ಅವನ ಮೇಲೆ ಬಿದ್ದರು. ಗಾಜಿನಾಚೆ ಆಂಟಿ ಅಳುತ್ತಿದ್ದರು, ಫೋನ್ ಎತ್ತಿ ವಿಡಿಯೋ ಮಾಡುತ್ತಿದ್ದರು. ಆಗ ಅವನು ಎದ್ದು, ತನ್ನ ಅಭಿಮಾನಿಗಳ ಕಡೆ ತಿರುಗಿ, ಮುಖವಾಡ ತೆಗೆದ.

ಡೋಲು ನಿಂತಿತು.

"ಇದ್ಯಾರಪ್ಪಾ?" ಅಂದರು ಅಂಕಲ್.

"ಗಡ್ಡ!" ಅಂದಳು ಒಬ್ಬಳು ಹುಡುಗಿ.

ಆಂಟಿಯ ಕೈಯಲ್ಲಿದ್ದ ಫೋನ್ ನಿಧಾನವಾಗಿ ಕೆಳಗೆ ಬಂತು. ನಾನು ಮುಖವಾಡ ತೆಗೆದೆ. ಬೆಂಚಿನಿಂದ ಆ ಗಾಜಿನವರೆಗೆ ಇಪ್ಪತ್ತು ಮಾರು ದೂರ. ಐಸಿನ ಮೇಲೆ ಹೋದರೆ ಬೀಳುತ್ತೇನೆಂದು ಸುತ್ತಿಬಳಸಿ ರಬ್ಬರಿನ ದಾರಿಯಲ್ಲಿ ಪ್ಯಾಡುಗಳನ್ನು ಎಳೆದುಕೊಂಡು ನಡೆದೆ. ಅವರೆಲ್ಲ ನಾನು ಬರುವುದನ್ನೇ ನೋಡುತ್ತಾ ನಿಂತಿದ್ದರು. ಅಷ್ಟು ಉದ್ದದ ದಾರಿ ನಾನು ಇನ್ನೊಂದು ನಡೆದಿಲ್ಲ.

"ಆಂಟಿ, ನಾನು ಎರಡನೇ ಗೋಲ್‌ಕೀಪರು. ಆಡೋಳಲ್ಲ. ಗೇಟ್ ತೆಗೀತೀನಿ."

"ಮತ್ತೆ ಆ ಫೋಟೋ?"

"ಅವತ್ತು ಒಂದಿನ ಆಡಿದ್ದೆ. ಅವನಿಗೆ ಹುಷಾರಿರ್ಲಿಲ್ಲ. ಅದೂ ನನ್ನಿಂದಾನೇ."

"ಆಡಿ?"

"ಒಂಬತ್ತು ಗೋಲು ಬಿಟ್ಟೆ."

ಅಂಕಲ್ ಕೆಮ್ಮಿದ ಹಾಗೆ ಮಾಡಿ ಆಚೆ ತಿರುಗಿದರು. ಅವರ ಬೆನ್ನು ಅಲುಗುತ್ತಿತ್ತು. ಆಂಟಿ ನಗಲಿಲ್ಲ. ಅವರ ಉಗುರುಗಳ ಸಂದಿಯಲ್ಲಿ ಇನ್ನೂ ಹಳದಿ ಬಣ್ಣವಿತ್ತು.

"ನಿನ್ನೆನೇ ಹೇಳಿದ್ರೆ ಏನಾಗ್ತಿತ್ತು?" ಅಂದರು. "ಬರ್ತಿರ್ಲಿಲ್ಲ ಅನ್ಕೊಂಡ್ಯಾ ನಾವು? ಗೇಟ್ ತೆಗೆಯೋಳು ಅಂದಿದ್ರೆ ಗೇಟ್ ತೆಗೆಯೋಳಿಗೇ ಕೂಗ್ತಿದ್ವಲ್ಲೇ. ಈಗ ನೋಡು, ಎರಡು ಗಂಟೆ ಹೊತ್ತು ಯಾರಿಗೋ ಕೂಗಿದ್ದೀವಿ. ನಿನಗೆ ಒಂದ್ಸಲಾನೂ ಕೂಗಿಲ್ಲ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಇದನ್ನು ತಡೆದುಕೊಳ್ಳಲಾಗಲಿಲ್ಲ. ದಪ್ಪ ಗ್ಲೌಸು ಹಾಕಿದ ಕೈಯಲ್ಲಿ ಕಣ್ಣೊರೆಸಿಕೊಳ್ಳಲು ಬರುವುದಿಲ್ಲ. ಮಗಳು ತನ್ನ ತೋಳಿನಿಂದ ಒರೆಸಿದಳು. "ಇಟ್ಸ್ ಓಕೇ, ಅಕ್ಕಾ," ಅಂದಳು. ಅವಳ ಬಾಯಿಂದ ನಾನು ಕೇಳಿದ ಮೊದಲ ಕನ್ನಡ ಪದ ಅದು.

ಕೆಂಪು ಗಡ್ಡದವನು ಗಾಜಿನ ಪಕ್ಕದ ಬಾಗಿಲಿನಿಂದ ತಲೆ ತೂರಿಸಿದ. ಅವನಿಗೆ ಏನೂ ಅರ್ಥವಾಗಿರಲಿಲ್ಲ. "ಇವರೆಲ್ಲ ಕೂಗ್ತಿದ್ದರಲ್ಲ, 'ಬಿಡ್ಬೇಡ ಕಣೇ', ಹಾಗಂದ್ರೇನು?" ಎಂದು ನನ್ನನ್ನು ಕೇಳಿದ.

"ಗೋಲು ಬಿಡಬೇಡ ಹುಡುಗೀ, ಅಂತ," ಎಂದು ಇಂಗ್ಲಿಷಿನಲ್ಲಿ ಹೇಳಿದೆ.

ಅವನು ಯೋಚಿಸಿದ. "ನಾನು ಬಿಡಲಿಲ್ಲ," ಅಂದ ಬಹಳ ವಿನಯದಿಂದ.

ಆಗ ಆಂಟಿ ನಕ್ಕರು. ಡೋಲಿನವರು ಏನು ಮಾಡುವುದೆಂದು ತೋಚದೆ ಇನ್ನೊಂದು ಸಲ ಬಾರಿಸಿದರು. ಕಾರ್ ಪಾರ್ಕಿನಲ್ಲಿ ಮೂರು ಡಿಕ್ಕಿಗಳಿಂದ ಚಿತ್ರಾನ್ನದ ಡಬ್ಬಗಳು ಹೊರಬಂದವು. ಇಡೀ ತಂಡ ಕಾರಿಗೆ ಒರಗಿ ತಿಂದಿತು. ಆಂಟಿ ಮೊದಲ ತಟ್ಟೆ ಅವನಿಗೇ ಕೊಟ್ಟು, ಹಸಿಮೆಣಸಿನಕಾಯಿಗಳನ್ನು ತಾವೇ ಆರಿಸಿ ತೆಗೆದರು. ಕ್ಯಾಪ್ಟನ್ ನನ್ನ ಪಕ್ಕ ಬಂದು ನಿಂತು ತಟ್ಟೆ ಖಾಲಿ ಮಾಡಿದಳು. ಆಮೇಲೆ "ಮುಂದಿನ ವರ್ಷ ಗೇಟಿಗೆ ಬೇರೆಯವರನ್ನ ಹಾಕ್ತೀನಿ," ಅಂದಳು. "ನೀನು ಐಸಿಗೆ ಬಾ. ಅಲ್ಲಿ ಕಡಿಮೆ ಹಾನಿ ಮಾಡ್ತೀಯಾ."

ಅಮ್ಮನಿಗೆ ಸಂಜೆ ನಾನೇ ಫೋನ್ ಮಾಡಿ ಎಲ್ಲ ಹೇಳಿದೆ. ಅವಳು ಪೂರ್ತಿ ಕೇಳಿದಳು. ಪರೀಕ್ಷೆಯಲ್ಲಿ ಕಾಪಿ ಹೊಡೆದು ಸಿಕ್ಕಿಬಿದ್ದ ಮಕ್ಕಳ ಮಾತನ್ನೂ ಅವಳು ಹೀಗೇ ಕೇಳುವುದು.

"ಸ್ಟಾಫ್ ರೂಮಲ್ಲಿ ಸ್ವೀಟ್ ಹಂಚಿಬಿಟ್ಟಿದ್ದೀನಲ್ಲೇ," ಅಂದಳು ಕೊನೆಗೆ.

"ತಂಡ ಗೆದ್ದಿದ್ದು ನಿಜ ಅಮ್ಮಾ. ಮೆಡಲ್ಲೂ ಇದೆ."

"ಮೆಡಲ್ ಯಾಕೆ ಕೊಟ್ರು ನಿಂಗೆ?"

"ಎಲ್ಲರಿಗೂ ಕೊಟ್ರು."

"ಹೂಂ," ಅಂದಳು. "ಸರಿ. ಇನ್ಮೇಲಾದ್ರೂ ನೆಟ್ಟಗೆ ಕಲಿ. ನಾನು ಅಲ್ಲೀವರ್ಗೂ ಯಾರಿಗೂ ಏನೂ ಹೇಳಲ್ಲ."

ಅವಳು ಹೇಳಿದ್ದನ್ನು ಸ್ಟಾಫ್ ರೂಮಿನಲ್ಲಿ ವಾಪಸ್ ತೆಗೆದುಕೊಂಡಳೋ ಇಲ್ಲವೋ ಎಂದು ಕೇಳುವ ಧೈರ್ಯ ನನಗೆ ಇನ್ನೂ ಬಂದಿಲ್ಲ. ಈ ವರ್ಷ ಎರಡು ಪಂದ್ಯ ಆಡಿದ್ದೇನೆ. ಮೊದಲನೆಯದರಲ್ಲಿ ಏಳು ಗೋಲು ಬಿಟ್ಟೆ, ಎರಡನೆಯದರಲ್ಲಿ ಐದು. ಎರಡೂ ದಿನ ಫಲಿತಾಂಶವನ್ನು ಅಮ್ಮನಿಗೂ ಆಂಟಿಗೂ ನಾನೇ ಫೋನ್ ಮಾಡಿ, ಸರಿಯಾದ ಸಂಖ್ಯೆಯಲ್ಲೇ ಹೇಳಿದೆ. ಐದು ಅಂದಾಗ ಆಂಟಿ, "ಪರವಾಗಿಲ್ವೇ, ಇಳೀತಾ ಇದೆ," ಅಂದರು, ಜ್ವರ ನೋಡಿದ ಡಾಕ್ಟರ ದನಿಯಲ್ಲಿ.